ಕಪ್ಪು ಹೊಗೆ, ಪೆಟ್ರೋಲ್ ವಾಸನೆ: ಕಾರನ್ನು ಹಾಗೇ ಓಡಿಸಬಹುದಾ?

ಬಳ್ಳಾರಿಯಿಂದ ಪ್ರಶ್ನೆ:
ನಮ್ಮದು 2018ರ ಪೆಟ್ರೋಲ್ ಕಾರು. ಓಡಿಸುವುದು ಅಪ್ಪ, ಅದೂ ಊರೊಳಗೇ. ಮಾರ್ಕೆಟ್, ಬ್ಯಾಂಕ್, ದೇವಸ್ಥಾನ, ಅಷ್ಟೇ. ಈಚೆಗೆ ಮೈಲೇಜ್ ತುಂಬಾ ಬಿದ್ದಿದೆ. ಸ್ಟಾರ್ಟ್ ಮಾಡಿದರೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಹೊಸ ಪ್ಲಗ್ ಹಾಕಿಸಿದರೂ ಸ್ವಲ್ಪ ದಿನಕ್ಕೇ ಮತ್ತೆ ಮಸಿ. ಗ್ಯಾರೇಜಿನವರು "ಮಿಕ್ಸ್ಚರ್ ರಿಚ್ ಆಗಿದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ತೊಂದರೆ ಏನಿಲ್ಲ, ಓಡಿಸಿ" ಅಂದರು. ಯಾರಿಗಾದರೂ ಹೀಗೆ ಆಗಿತ್ತಾ?

ಕೊಪ್ಪಳದಿಂದ:
ತೊಂದರೆ ಇದೆ. ಪೆಟ್ರೋಲ್ ಖರ್ಚಿನ ಮಾತು ಆಮೇಲೆ, ಮೊದಲು ಆಯಿಲ್ ನೋಡಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಗೇಜ್ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ, ಇಲ್ಲವೇ ಆಯಿಲ್ ಹಾಕದೆಯೇ ಮಟ್ಟ ಏರಿದ್ದರೆ, ಉರಿಯದ ಪೆಟ್ರೋಲ್ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್‌ಗೆ ಇಳಿಯುತ್ತಿದೆ. ಅದು ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನೇ ತೊಳೆದು ಹಾಕುತ್ತದೆ. ಕೆಳಗಿನ ಆಯಿಲ್ ತೆಳುವಾಗುತ್ತದೆ. ಆಮೇಲೆ ರಿಂಗ್, ಬೇರಿಂಗ್ ಎಲ್ಲಾ ಸವೆಯುತ್ತವೆ. ನಮ್ಮ ಮಾವನ ಕಾರಿನಲ್ಲಿ ಹೀಗೇ ಆಗಿತ್ತು. ಆಯಿಲ್ ಒಂಚೂರೂ ಕಡಿಮೆ ಆಗುತ್ತಿಲ್ಲ ಅಂತ ಅವರಿಗೆ ಖುಷಿಯೋ ಖುಷಿ!

ಊರೊಳಗಿನ ಓಡಾಟ ಬೇರೆ. ದೂರ ಓಡಿದರೆ ಇಂಜಿನ್ ಕಾವಿಗೆ ಆಯಿಲ್ ಒಳಗಿನ ಪೆಟ್ರೋಲ್ ಸ್ವಲ್ಪವಾದರೂ ಆವಿಯಾಗುತ್ತದೆ. ಮಾರ್ಕೆಟ್‌ಗೆ ಹೋಗಿ ಬರುವಷ್ಟರಲ್ಲಿ ಇಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ.

ರಾಯಚೂರಿನಿಂದ:
ರಿಚ್ ಆಗಿದೆ ಅಂದರೆ ಜ್ವರ ಇದೆ ಅಂದ ಹಾಗಾಯಿತು. ಯಾಕೆ ಬಂತು ಅಂತ ನೋಡಬೇಕಲ್ವಾ? 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಈ ಲೆಕ್ಕ ಹಾಕುವುದು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ಇಂಜಿನ್ ತಣ್ಣಗಿದ್ದರೆ ಅದು ಬೇಕೆಂದೇ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ನನ್ನ ಕಾರಿನಲ್ಲಿ ಕೂಲೆಂಟ್ (ಇಂಜಿನ್ ತಣಿಸುವ ನೀರು) ಟೆಂಪರೇಚರ್ ಸೆನ್ಸರ್ ಕೆಟ್ಟಿತ್ತು. ಹೊರಗೆ ನಮ್ಮ ರಾಯಚೂರಿನ ಮೇ ಬಿಸಿಲು, ಇಸಿಯು ಮಾತ್ರ ಚಳಿ ಅಂದುಕೊಂಡು ಪೆಟ್ರೋಲ್ ಸುರಿಯುತ್ತಿತ್ತು. ಚೆಕ್ ಇಂಜಿನ್ ದೀಪವೂ ಹತ್ತಿರಲಿಲ್ಲ.

ಹಾಗಾಗಿ ಸ್ಕ್ಯಾನರ್ ಹಾಕಿಸಿದರೆ ಬರೀ ಕೋಡ್ ನೋಡಿ ಬಿಡಬೇಡಿ. ಪಿ0172 ಅನ್ನುವ ಕೋಡ್ ಬಂದರೂ ಅದು ಹೇಳುವುದು ರಿಚ್ ಆಗಿದೆ ಅಂತ ಮಾತ್ರ, ಕಾರಣ ಹೇಳುವುದಿಲ್ಲ. ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಕೊಡುವ ಅಂಕಿ, ತೋರಿಸಿ ಅನ್ನಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಕೂಲೆಂಟ್ ತಾಪಮಾನ, ಒಳಬರುವ ಗಾಳಿಯ ತಾಪಮಾನ ಹೆಚ್ಚುಕಡಿಮೆ ಒಂದೇ ಇರಬೇಕು. ಚೆನ್ನಾಗಿ ಓಡಿಸಿದ ಮೇಲೆ ಕೂಲೆಂಟ್ 80 ಡಿಗ್ರಿ ದಾಟಬೇಕು. 50ರಲ್ಲೇ ನಿಂತರೆ ಸೆನ್ಸರ್ ಹೋಗಿದೆ, ಇಲ್ಲವೇ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ತೆರೆದೇ ಉಳಿದಿದೆ. "ಬಿಸಿಲು ಊರು, ಯಾಕೆ ಬೇಕು" ಅಂತ ಥರ್ಮೋಸ್ಟ್ಯಾಟನ್ನೇ ಕಿತ್ತು ಹಾಕುವ ಮೇಸ್ತ್ರಿಗಳೂ ಇದ್ದಾರೆ. ಅದನ್ನೂ ಒಮ್ಮೆ ಕೇಳಿ.

ಗಂಗಾವತಿಯಿಂದ:
ಏರ್ ಫಿಲ್ಟರ್ ನೋಡಿದಿರಾ? ನಮ್ಮಲ್ಲಿ ರೈಸ್ ಮಿಲ್ ಧೂಳು, ನಿಮ್ಮಲ್ಲಿ ಅದಿರು ಲಾರಿಗಳ ಕೆಂಪು ಧೂಳು. ಮೊದಲು ನಮ್ಮ ಹತ್ತಿರ ಕಾರ್ಬ್ಯುರೇಟರ್ ಕಾರು ಇತ್ತು, ಕಂಪ್ಯೂಟರ್ ಇಲ್ಲದೆ ಪೆಟ್ರೋಲ್-ಗಾಳಿ ಬೆರೆಸುವ ಹಳೇ ಥರದ್ದು. ಫಿಲ್ಟರ್ ಕಟ್ಟಿಕೊಂಡರೆ ಸಾಕು, ಹೊಗೆ ಶುರು.

ರಾಯಚೂರಿನಿಂದ:
ಕಾರ್ಬ್ಯುರೇಟರ್‌ಗೆ ಅದು ನಿಜ ಸರ್. ಇಂಜೆಕ್ಷನ್ ಕಾರಿನಲ್ಲಿ ಗಾಳಿ ಕಡಿಮೆಯಾದರೆ ಇಸಿಯು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಪಿಕಪ್ ಹೋಗುತ್ತದೆ, ಇಷ್ಟು ಮಸಿ ಬರುವುದಿಲ್ಲ. ಫಿಲ್ಟರ್ ಬದಲಿಸಲಿ, ಆದರೆ ಅಷ್ಟಕ್ಕೇ ನಿಲ್ಲಿಸುವುದು ಬೇಡ. ಸೋರುವ ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್, ಮ್ಯಾಪ್ ಸೆನ್ಸರ್ (ಒಳಬರುವ ಗಾಳಿಯ ಒತ್ತಡ ಅಳೆಯುವುದು) ಇವೆಲ್ಲ ನೋಡಬೇಕಾದ ಸಾಲಿನಲ್ಲಿವೆ.

ಸಿಂಧನೂರಿನಿಂದ:
ಎಲ್ಲಾ ಇ20, ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಮಹಿಮೆ ಬಿಡಿ.

ಕೊಪ್ಪಳದಿಂದ:
ಮೈಲೇಜ್ ಸ್ವಲ್ಪ ಇಳಿಯುವುದಕ್ಕೆ ಇ20 ಕಾರಣ ಆಗಬಹುದು. ಮಸಿಗೆ ಅಲ್ಲ. ಎಥನಾಲ್ ಒಳಗೇ ಆಕ್ಸಿಜನ್ ಇರುತ್ತದೆ, ಹಾಗಾಗಿ ಅದು ಮಿಕ್ಸ್ಚರನ್ನು ಲೀನ್ ಕಡೆಗೇ, ಅಂದರೆ ರಿಚ್‌ಗೆ ಉಲ್ಟಾ ಕಡೆಗೇ ಎಳೆಯುತ್ತದೆ.

ಕುಷ್ಟಗಿಯಿಂದ:
ಹೊಗೆ ಶುದ್ಧ ಮಾಡಲು ಸೈಲೆನ್ಸರ್ ಪೈಪಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ದೊಡ್ಡ ಬಿಲ್ ಬರುವುದೇ ಅಲ್ಲಿ. ಮಸಿ ಹಿಡಿದ ಪ್ಲಗ್ ಕಿಡಿ ಕೊಡದೆ ಮಿಸ್ ಹೊಡೆಯುತ್ತದೆ, ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅತಿಯಾಗಿ ಕಾದು ಒಳಗಿನ ಸೆರಾಮಿಕ್ ಕರಗಿ ತೂತು ಮುಚ್ಚಿಕೊಂಡರೆ ಹೊಗೆಗೆ ದಾರಿಯೇ ಇಲ್ಲ. ಗಾಡಿ ಏರು ಹತ್ತುವುದಿಲ್ಲ. ಕೊಳೆತ ಮೊಟ್ಟೆ ವಾಸನೆ ಬರುತ್ತಿದ್ದರೆ ತಡ ಮಾಡಬೇಡಿ.

ಇನ್ನೊಂದು. ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ, ಸಜ್ಜೆ ಎಲ್ಲಾ ಒಕ್ಕಣೆಗೆ ರಸ್ತೆ ಮೇಲೇ ಹಾಸುತ್ತಾರೆ. ಆ ಹೊಟ್ಟು ಕಾರಿನ ಅಡಿಗೆ ಸುತ್ತಿಕೊಂಡು ಕಾದ ಕನ್ವರ್ಟರ್‌ಗೆ ತಾಗಿದರೆ ಬೆಂಕಿಯೇ. ಒಣ ಹುಲ್ಲಿನ ಮೇಲೂ ನಿಲ್ಲಿಸಬೇಡಿ.

ಬಳ್ಳಾರಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಕಡ್ಡಿ ನೋಡಿದೆ. ಮಟ್ಟ ಮೇಲಿನ ಗೆರೆ ದಾಟಿದೆ, ಪೆಟ್ರೋಲ್ ವಾಸನೆಯೂ ಇದೆ. ಎಮಿಷನ್ ಚೀಟಿ ಹುಡುಕಿದೆ, ಕಾರು ತೋರಿಸದೆಯೇ ಮಾಡಿಸಿದ್ದಂತೆ! ನಾಳೆಯೇ ಆಯಿಲ್ ಬದಲಿಸಿಬಿಡಲಾ?

ಕೊಪ್ಪಳದಿಂದ:
ತಡೀರಿ. ಮೊದಲು ಸ್ಕ್ಯಾನ್, ರಿಪೇರಿ. ಆಯಿಲ್, ಆಯಿಲ್ ಫಿಲ್ಟರ್ ಆಮೇಲೆ. ಉಲ್ಟಾ ಮಾಡಿದರೆ ಹೊಸ ಆಯಿಲ್‌ಗೂ ಪೆಟ್ರೋಲ್ ಸೇರುತ್ತದೆ. ಎಮಿಷನ್ ಟೆಸ್ಟ್ ಈಗ ನಿಜವಾಗಿ ಒಂದು, ರಿಪೇರಿ ಆದ ಮೇಲೆ ಒಂದು ಮಾಡಿಸಿ. ಬಿಎಸ್-4 (ನಿಮ್ಮ 2018ರ ಕಾರಿನ ಕಾಲದ ಹೊಗೆ ನಿಯಮ) ಕಾರಿಗೆ ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಇಂಜಿನ್ ಓಡುವಾಗ, ಸಿಒ (ಕಾರ್ಬನ್ ಮೊನಾಕ್ಸೈಡ್) ಮಿತಿ ಶೇ. 0.3. ರಿಪೇರಿ ಸರಿ ಆಯಿತಾ ಅಂತ ಅದರಲ್ಲೇ ಗೊತ್ತಾಗುತ್ತದೆ. ಅಲ್ಲಿವರೆಗೆ ಅಪ್ಪ ಮಾರ್ಕೆಟ್‌ಗೆ ಆಟೋದಲ್ಲಿ ಹೋಗಲಿ.