ಎಲ್ಲರೂ "ಮೇಲಿನಿಂದ ಬಂದಿದೆ" ಎನ್ನುತ್ತಾರೆ; ಆ ಮೇಲು ಎಲ್ಲಿದೆ?

ಮಂಡಿಪೇಟೆ ವಿದ್ಯಾರ್ಥಿ (ದಾವಣಗೆರೆ):
ನಾನು ಎಂ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಚಿಕ್ಕಪ್ಪನವರು ಒಂದು ಬಹುರಾಷ್ಟ್ರೀಯ ಕಂಪನಿಯ ಸೋಪು, ಶಾಂಪೂ, ಟೂತ್‌ಪೇಸ್ಟ್‌ಗಳಿಗೆ ಡಿಸ್ಟ್ರಿಬ್ಯೂಟರ್ ಆಗಿದ್ದಾರೆ. ಸಂಜೆಯ ಬಿಲ್ಲಿಂಗ್ ನಾನೇ ನೋಡಿಕೊಳ್ಳುತ್ತೇನೆ. ಮಳೆ ಕೈಕೊಟ್ಟು ಮೆಕ್ಕೆಜೋಳದ ದುಡ್ಡು ಹಳ್ಳಿಗೆ ಬಾರದ ವರ್ಷ ಜಗಳೂರು ಕಡೆಯ ಅಂಗಡಿಗಳಲ್ಲಿ ದೊಡ್ಡ ಪ್ಯಾಕ್ ಕದಲುವುದಿಲ್ಲ, ಸ್ಯಾಷೆ ಮಾತ್ರ ಹೋಗುತ್ತದೆ. ಬೀಟ್‌ಗೆ (ಆರ್ಡರ್ ಪಡೆಯಲು ಅಂಗಡಿಗಳ ಸುತ್ತಿಗೆ) ಹೋಗುವ ಹುಡುಗನಿಗೂ ಗೊತ್ತಿರುವ ಈ ಸಂಗತಿ ತಿಂಗಳ ಟಾರ್ಗೆಟ್‌ನಲ್ಲಿ ಎಂದೂ ಕಾಣಿಸುವುದಿಲ್ಲ. ಸೇಲ್ಸ್ ಆಫೀಸರನ್ನು ಕೇಳಿದರೆ ಮೇಲಿನಿಂದ ಬಂದಿದೆ ಎನ್ನುತ್ತಾರೆ, ಏರಿಯಾ ಮ್ಯಾನೇಜರ್ ಕೂಡ ಅದನ್ನೇ ಹೇಳುತ್ತಾರೆ. ನಮ್ಮ ಪಠ್ಯದಲ್ಲಿರುವ ಸಂಘಟನಾ ನಕ್ಷೆಯಲ್ಲಿ ಪ್ರತಿಯೊಂದು ಅಧಿಕಾರಕ್ಕೂ ಒಂದು ಚೌಕವಿದೆ. ನಿಜವಾದ ಕಂಪನಿಯಲ್ಲಿ ತೀರ್ಮಾನ ಯಾವ ಚೌಕದಲ್ಲಿ ಆಗುತ್ತದೆ? ಭಾರತದ ಕಂಪನಿ ಬರೀ ವಿದೇಶಿ ಕಚೇರಿಯ ಶಾಖೆಯೇ?

ಕೋಟೆನಾಡಿನ ನಿವೃತ್ತ (ಚಿತ್ರದುರ್ಗ):
ಇಂಥ ಕಂಪನಿಗಳ ಮಾರಾಟ ವಿಭಾಗದಲ್ಲಿಯೇ ನನ್ನ ಸೇವೆಯೆಲ್ಲ ಕಳೆಯಿತು, ಆದ್ದರಿಂದ ನನ್ನ ಅನುಭವದ ಮಾತನ್ನೇ ಹೇಳುತ್ತೇನೆ. ಮೇಲು ಎಂಬುದು ಒಂದೇ ಜಾಗವಲ್ಲ. ಬ್ರಾಂಡಿನ ಹೆಸರು, ಅದರ ರೂಪ, ಜಾಹೀರಾತಿನ ಮೂಲ ಆಶಯ ಇವು ಬಹುಮಟ್ಟಿಗೆ ಕಡಲಾಚೆ ನಿಶ್ಚಯವಾಗುತ್ತವೆ. ಇಲ್ಲಿನ ಬೆಲೆ, ಪ್ಯಾಕಿನ ತೂಕ, ಸ್ಕೀಮುಗಳು ಮುಂಬೈಯಲ್ಲೋ ಗುರುಗ್ರಾಮದಲ್ಲೋ ಆಗುತ್ತವೆ. ಟಾರ್ಗೆಟ್‌ನ ಕಥೆ ಮಾತ್ರ ಬೇರೆ. ಅದನ್ನು ಯಾರೂ ಒಂದೆಡೆ ಕುಳಿತು ತೀರ್ಮಾನಿಸುವುದಿಲ್ಲ, ಹಂಚುತ್ತಾ ಬರುತ್ತಾರೆ: ವರ್ಷದ ಬೆಳವಣಿಗೆಯ ಒಂದು ಸಂಖ್ಯೆ ದೇಶಕ್ಕೆ, ದೇಶದಿಂದ ಬ್ರಾಂಚಿಗೆ, ಅಲ್ಲಿಂದ ಏರಿಯಾಕ್ಕೆ, ಕೊನೆಗೆ ನಿಮ್ಮ ಚಿಕ್ಕಪ್ಪನವರ ಗೋದಾಮಿಗೆ ಇಳಿಯುತ್ತದೆ, ಮತ್ತು ಪ್ರತಿ ಹಂತದಲ್ಲಿಯೂ ಕಳೆದ ವರ್ಷದ ಮಾರಾಟವೇ ಅಳತೆಗೋಲು. ಜಗಳೂರಿನ ಮಳೆಯನ್ನು ಬರೆಯುವುದಕ್ಕೆ ಆ ಲೆಕ್ಕದಲ್ಲಿ ಕಾಲಂ ಇಲ್ಲ. ಸೇಲ್ಸ್ ಆಫೀಸರ್ ಸುಳ್ಳು ಹೇಳುತ್ತಿಲ್ಲ; ಅವರ ಮಟ್ಟಿಗೆ ಅದು ನಿಜವಾಗಿಯೂ ಮೇಲಿನಿಂದಲೇ ಬಂದದ್ದು.

ಇನ್ನೊಂದು ಮಾತು. ಹಿಂದೂಸ್ತಾನ್ ಲಿವರ್ (ಇಂದಿನ ಹಿಂದೂಸ್ತಾನ್ ಯೂನಿಲಿವರ್) ತನ್ನ ಟ್ರೈನಿ ಅಧಿಕಾರಿಗಳನ್ನು ಉತ್ತರ ಪ್ರದೇಶದ ಏಟಾ ಜಿಲ್ಲೆಯ ಹಳ್ಳಿಗಳಲ್ಲಿ ಕೆಲವು ವಾರ ಇರಿಸುತ್ತಿತ್ತು. ಅದೂ ಒಂದು ಬಗೆಯ ನಿಯಂತ್ರಣವೇ. ಹಳ್ಳಿಯನ್ನು ಕಂಡವನು ಮುಂದೆ ದೊಡ್ಡ ಕುರ್ಚಿಯಲ್ಲಿ ಕುಳಿತಾಗ ಆದೇಶವಿಲ್ಲದೆಯೂ ಸರಿಯಾಗಿ ಯೋಚಿಸುತ್ತಾನೆ ಎಂಬ ನಂಬಿಕೆ ಅದರ ಹಿಂದಿತ್ತು, ಮತ್ತು ಟಾರ್ಗೆಟ್‌ನ ಲೆಕ್ಕಕ್ಕಿಂತ ಅದರ ಮೇಲೆ ನನಗೆ ಹೆಚ್ಚು ಗೌರವವಿದೆ.

ವಾಣಿಜ್ಯ ಉಪನ್ಯಾಸಕಿ (ದಾವಣಗೆರೆ):
ಸರ್ ಹೇಳಿದ್ದಕ್ಕೆ ಇತಿಹಾಸವನ್ನು ಸೇರಿಸುತ್ತೇನೆ, ಏಕೆಂದರೆ ಪಠ್ಯದ ನಕ್ಷೆಯಲ್ಲಿ ಕಾಲವೇ ಇರುವುದಿಲ್ಲ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ 1931ರಲ್ಲಿ ಕ್ಯಾಮೇ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕ್‌ಎಲ್ರಾಯ್, ಒಂದೊಂದು ಬ್ರಾಂಡಿನ ಹೊಣೆ ಒಂದೊಂದು ತಂಡಕ್ಕೆ ಇರಬೇಕೆಂದು ಟಿಪ್ಪಣಿ ಬರೆದರು. ಬ್ರಾಂಡ್ ಮ್ಯಾನೇಜರ್ ಎಂಬ ಹುದ್ದೆಯ ಬೇರು ಅಲ್ಲಿದೆ. ಅದೇ ಕಂಪನಿ 1999ರಲ್ಲಿ ಲಾಭನಷ್ಟದ ಹೊಣೆಯನ್ನು ಪ್ರಾದೇಶಿಕ ವಿಭಾಗಗಳಿಂದ ತೆಗೆದು ಜಾಗತಿಕ ಉತ್ಪನ್ನ ವಿಭಾಗಗಳಿಗೆ ಕೊಟ್ಟಿತು. ಬದಲಾವಣೆಯ ವೇಗಕ್ಕೆ ಕಂಪನಿಯೇ ತತ್ತರಿಸಿ, ಮುಖ್ಯಸ್ಥರಾಗಿದ್ದ ಡರ್ಕ್ ಯಾಗರ್ 2000ದ ಜೂನ್‌ನಲ್ಲಿ ನಿರ್ಗಮಿಸಬೇಕಾಯಿತು. ಗಮನಿಸಬೇಕಾದದ್ದೆಂದರೆ, ನಂತರ ಬಂದ ಲಾಫ್ಲಿ ಆ ರಚನೆಯನ್ನು ಕಿತ್ತುಹಾಕಲಿಲ್ಲ.

ಯೂನಿಲಿವರ್ ಬಹುಕಾಲ ದೇಶದ ಕಂಪನಿಗಳಿಗೆ ಸ್ವಾತಂತ್ರ್ಯ ಕೊಟ್ಟ ಸಂಸ್ಥೆ. ಪ್ರಕಾಶ್ ಟಂಡನ್ 1961ರಲ್ಲಿಯೇ ಅದರ ಭಾರತೀಯ ಕಂಪನಿಯ ಅಧ್ಯಕ್ಷರಾದರು. ಆದರೆ 2022ರ ಜುಲೈಯಿಂದ ಅದು ತನ್ನ ವ್ಯವಹಾರವನ್ನು ಐದು ಜಾಗತಿಕ ವಿಭಾಗಗಳಾಗಿ ಮಾಡಿ, ಲಾಭದ ಹೊಣೆಯನ್ನು ಅವುಗಳಿಗೆ ವಹಿಸಿತು. ನೆಸ್ಲೆಯ ದಾರಿ ನನಗೆ ಹೆಚ್ಚು ಹಿಡಿಸುತ್ತದೆ: ರುಚಿಯನ್ನು ಆಯಾ ದೇಶಕ್ಕೆ ಬಿಟ್ಟು, 2000ದಲ್ಲಿ ಆರಂಭಿಸಿದ ಗ್ಲೋಬ್ ಯೋಜನೆಯಿಂದ ಲೆಕ್ಕದ ಪದ್ಧತಿ ಮತ್ತು ಮಾಹಿತಿಯ ಸಂಕೇತಗಳನ್ನು ಮಾತ್ರ ಎಲ್ಲೆಡೆ ಒಂದೇ ಮಾಡಿತು. ಇಂಥ ರಚನೆಗಳಲ್ಲಿ ವಿಭಾಗಗಳು ಮೇಲೆ ಎಷ್ಟೇ ಬೇರೆಯಾಗಿದ್ದರೂ ಅವುಗಳ ಸರಕು ಊರಿನ ಗೋದಾಮಿಗೆ ಒಂದೇ ಲಾರಿಯಲ್ಲಿ ಬರಬಹುದು. ಆಗ ಎಲ್ಲ ವಿಭಾಗಗಳ ಒತ್ತಡವೂ ಒಬ್ಬ ಸೇಲ್ಸ್ ಆಫೀಸರ್ ಮೇಲೆಯೇ ಬೀಳುತ್ತದೆ.

ಲೆಕ್ಕಪರಿಶೋಧಕ (ದಾವಣಗೆರೆ):
ಶಾಖೆಯೇ ಎಂಬ ಪ್ರಶ್ನೆಗೆ ಉತ್ತರ: ಷೇರುಪೇಟೆಯಲ್ಲಿರುವ ಭಾರತೀಯ ಕಂಪನಿ ಕಾನೂನಿನ ದೃಷ್ಟಿಯಲ್ಲಿ ಶಾಖೆಯಲ್ಲ. ನೆಸ್ಲೆ ಇಂಡಿಯಾ ತನ್ನ ಮೂಲ ಕಂಪನಿಗೆ ಕೊಡುವ ರಾಯಧನವನ್ನು (ಬ್ರಾಂಡ್, ತಂತ್ರಜ್ಞಾನ ಬಳಸುವುದಕ್ಕೆ ಕೊಡುವ ಶುಲ್ಕವನ್ನು) ಮಾರಾಟದ ಶೇ 4.5ರಿಂದ ಐದು ವರ್ಷಗಳಲ್ಲಿ ಶೇ 5.25ಕ್ಕೆ ಏರಿಸುವ ಪ್ರಸ್ತಾಪವನ್ನು 2024ರ ಮೇ ತಿಂಗಳಲ್ಲಿ ಷೇರುದಾರರು ತಿರಸ್ಕರಿಸಿದರು. ಅರ್ಧಕ್ಕಿಂತ ಹೆಚ್ಚು ಷೇರು ಹೊಂದಿರುವ ಮೂಲ ಕಂಪನಿ ತನ್ನದೇ ವ್ಯವಹಾರದ ಆ ಮತದಾನದಲ್ಲಿ ಪರವಾಗಿ ಮತ ಹಾಕುವಂತಿಲ್ಲ. ಹಾಗೆಂದು ಮೂಲ ಕಂಪನಿಯ ಪ್ರಭಾವ ಕಡಿಮೆಯೆಂದಲ್ಲ: ಯೂನಿಲಿವರ್ 2024ರ ಮಾರ್ಚ್‌ನಲ್ಲಿ ಐಸ್‌ಕ್ರೀಂ ವ್ಯವಹಾರವನ್ನು ಬೇರ್ಪಡಿಸುವುದಾಗಿ ಪ್ರಕಟಿಸಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಹಿಂದೂಸ್ತಾನ್ ಯೂನಿಲಿವರ್ ಮಂಡಳಿಯೂ ತನ್ನ ಐಸ್‌ಕ್ರೀಂ ವ್ಯವಹಾರವನ್ನು ಬೇರ್ಪಡಿಸಲು ನಿರ್ಧರಿಸಿತು.

ಮಂಡಿಪೇಟೆ ವಿದ್ಯಾರ್ಥಿ:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಮಳೆಗೆ ಒಂದು ಕಾಲಂ ಬೇಕೆಂದು ಕೇಳುವುದಾದರೆ, ಸರ್, ಯಾರನ್ನು ಕೇಳಬೇಕು?

ಕೋಟೆನಾಡಿನ ನಿವೃತ್ತ:
ಸೇಲ್ಸ್ ಆಫೀಸರನ್ನೇ ಕೇಳಿ, ಆದರೆ ಬಾಯಿಮಾತಿನಲ್ಲಿ ಬೇಡ. ಎರಡು ವರ್ಷದ ಬಿಲ್ಲುಗಳನ್ನು ಬೀಟ್‌ವಾರು ವಿಂಗಡಿಸಿ, ಜಗಳೂರಿನ ದೊಡ್ಡ ಪ್ಯಾಕ್ ಯಾವ ತಿಂಗಳು ಕುಸಿಯಿತು, ಸ್ಯಾಷೆ ಎಷ್ಟು ಏರಿತು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದುಕೊಡಿ. ಮುಂದಿನ ವರ್ಷದ ಹಂಚಿಕೆ ಆರಂಭವಾಗುವ ಮೊದಲೇ ಅದು ಬ್ರಾಂಚ್ ತಲುಪಬೇಕು. ಹಂಚಿಕೆ ಮುಗಿದ ಮೇಲೆ ಅವರ ಕೈಯಲ್ಲಿಯೂ ಏನೂ ಉಳಿಯುವುದಿಲ್ಲ.