ಪದಚರ್ಚೆ: ‘ಜಲಜನಕ ಎನ್‌ಎಡಿಎಚ್ ಉತ್ಕರ್ಷಕ’ ಸರಿಯೇ?

ಪ್ರಶ್ನೆ (ಪುಣೆಯಿಂದ):

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕನ್ನಡ ವಿದ್ಯಾರ್ಥಿಗಳಿಗೆ ಚಯಾಪಚಯ ಸಂಶೋಧನೆಯ ಬಗ್ಗೆ ಒಂದು ಟಿಪ್ಪಣಿ ಸಿದ್ಧವಾಗುತ್ತಿದೆ. ಅದರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಬ್ರೆವಿಸ್ ಎಂಬ ಬ್ಯಾಕ್ಟೀರಿಯಾದ ಎಲ್‌ಬಿನಾಕ್ಸ್ ಕಿಣ್ವ ಬರುತ್ತದೆ. ಇದು ಎನ್‌ಎಡಿಎಚ್‌ನಿಂದ (ಜೀವಕೋಶದಲ್ಲಿ ಎಲೆಕ್ಟ್ರಾನು ಹೊರುವ ಅಣು) ಎಲೆಕ್ಟ್ರಾನು ತೆಗೆದು ಆಮ್ಲಜನಕಕ್ಕೆ ಕೊಡುತ್ತದೆ. ಕೊನೆಗೆ ಸಿಗುವುದು ಎನ್‌ಎಡಿ (ಎಲೆಕ್ಟ್ರಾನು ಕಳೆದುಕೊಂಡ ರೂಪ) ಮತ್ತು ನೀರು. ಇಂಗ್ಲಿಷಿನ ‘ವಾಟರ್-ಫಾರ್ಮಿಂಗ್ ಎನ್‌ಎಡಿಎಚ್ ಆಕ್ಸಿಡೇಸ್’ಗೆ ‘ಜಲಜನಕ ಎನ್‌ಎಡಿಎಚ್ ಉತ್ಕರ್ಷಕ’ ಎಂದರೆ ನಡೆದೀತೇ? ರಿಡಕ್ಷನ್‌ಗೆ (ಎಲೆಕ್ಟ್ರಾನು ಪಡೆಯುವ ಕ್ರಿಯೆ) ಮರಾಠಿ ಪಠ್ಯದ ‘ಕ್ಷಪಣ’ವನ್ನೇ ಇಟ್ಟುಕೊಳ್ಳಬಹುದೇ? ಮಕ್ಕಳಿಗೆ ಶಾಲೆಯಿಂದ ಅದೇ ರೂಢಿ.

ಉತ್ತರ (ಮುಂಬಯಿಯಿಂದ):

‘ಜಲಜನಕ’ ಖಂಡಿತ ಬೇಡ. ಅದು ಕನ್ನಡದಲ್ಲಿ ಹೈಡ್ರೋಜನ್ನಿನ ಹೆಸರಾಗಿ ಎಂದೋ ನಿಂತುಹೋಗಿದೆ. ಹೈಡ್ರೋಜನ್ನನ್ನೇ ಉತ್ಕರ್ಷಿಸುವ ಕಿಣ್ವ ಎಂದು ಓದುಗ ತಿಳಿಯುತ್ತಾನೆ. ಅಂಥ ಕಿಣ್ವಗಳು ಬೇರೆಯೇ ಇವೆ. ‘ನೀರು ಬಿಡುವ’ ಎಂದೂ ಬೇಡ, ಅದು ನಗರಪಾಲಿಕೆಯವರ ಕೆಲಸ. ‘ನೀರುಂಟುಮಾಡುವ’ ಸಾಕು.

‘ಉತ್ಕರ್ಷಕ’ದ ತೊಂದರೆ ಇನ್ನೂ ದೊಡ್ಡದು. ಎಲೆಕ್ಟ್ರಾನು ಪಡೆದು ತಾನು ಖರ್ಚಾಗುವ ವಸ್ತುವಿಗೆ ಉತ್ಕರ್ಷಕ ಎನ್ನುತ್ತೇವೆ. ಇಲ್ಲಿ ಉತ್ಕರ್ಷಕ ಆಮ್ಲಜನಕ. ಕಿಣ್ವ ಬರೀ ಮಧ್ಯವರ್ತಿ. ವಿದ್ಯಾರ್ಥಿ ಅದನ್ನೇ ಉತ್ಕರ್ಷಕವೆಂದುಕೊಂಡರೆ ಎನ್‌ಎಡಿಎಚ್ ಎಷ್ಟೋ ಕಿಣ್ವವೂ ಅಷ್ಟೇ ಬೇಕೆಂದು ಲೆಕ್ಕ ಹಾಕುತ್ತಾನೆ. ಒಂದು ಸೆಂಟಿಮೀಟರ್ ಕುವೆಟ್ಟಿನಲ್ಲಿ (ಬೆಳಕು ಹಾಯಿಸಿ ಅಳೆಯುವ ಪಾರದರ್ಶಕ ಪಾತ್ರೆ) 0.2 ಮಿಲಿಮೋಲಾರ್ ಎನ್‌ಎಡಿಎಚ್ ಇದ್ದರೆ 340 ನ್ಯಾನೊಮೀಟರ್ ಬೆಳಕಿನ ಹೀರಿಕೆಯಲ್ಲಿ ಸುಮಾರು 1.24 ಓದು ಬರುತ್ತದೆ. ಅದಕ್ಕೆ ಕಿಣ್ವ ನ್ಯಾನೊಮೋಲಾರ್ ಮಟ್ಟದಲ್ಲಿದ್ದರೂ ಧಾರಾಳ. ಜಾಸ್ತಿ ಹಾಕಿದರೆ ಮುಚ್ಚಳ ಹಾಕುವಷ್ಟರಲ್ಲಿ ಓದು ತಳಕ್ಕಿಳಿದಿರುತ್ತದೆ, ವೇಗ ಅಳೆಯಲು ಏನೂ ಉಳಿಯುವುದಿಲ್ಲ. ಓದು ನಿಮಿಷಕ್ಕೆ 0.06ರ ಆಸುಪಾಸು ಇಳಿಯುವಂತೆ ಕಿಣ್ವವನ್ನು ತೆಳು ಮಾಡಿಕೊಳ್ಳಬೇಕು. ಅಂದರೆ ನಿಮಿಷಕ್ಕೆ ಸರಿಸುಮಾರು 10 ಮೈಕ್ರೋಮೋಲಾರ್ ಎನ್‌ಎಡಿಎಚ್ ಖರ್ಚು. ಆದ್ದರಿಂದ ‘ಆಕ್ಸಿಡೇಸ್’ ಹಾಗೇ ಇರಲಿ. ‘-ಏಸ್’ ಕಿಣ್ವದ ಗುರುತೆಂದು ಹತ್ತನೇ ತರಗತಿಯವರಿಗೂ ಗೊತ್ತು.

‘ನೀರುಂಟುಮಾಡುವ’ ಎಂಬ ವಿಶೇಷಣವನ್ನು ಮಾತ್ರ ಎಲ್ಲೂ ಕೈಬಿಡಬೇಡಿ. ಎನ್‌ಎಡಿಎಚ್ ಆಕ್ಸಿಡೇಸುಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮಾಡುವವೂ ಇವೆ. ಜೀವಕೋಶದೊಳಗೆ ಅಂಥದ್ದನ್ನು ಇಟ್ಟರೆ ಕಂಡ ಪರಿಣಾಮ ಎನ್‌ಎಡಿಯದೋ ಪೆರಾಕ್ಸೈಡಿನದೋ ಹೇಳಲಾಗದು. ಎಲ್‌ಬಿನಾಕ್ಸ್ ಎರಡು ಎನ್‌ಎಡಿಎಚ್‌ಗೆ ಒಂದು ಆಮ್ಲಜನಕ ಅಣುವನ್ನು ಬಳಸುತ್ತದೆ. ಪೆರಾಕ್ಸೈಡ್ ಮಾಡುವಂಥದ್ದು ಒಂದಕ್ಕೆ ಒಂದು. ಪರೀಕ್ಷೆಯೂ ಸುಲಭ. ಮುಚ್ಚಿದ ಆಮ್ಲಜನಕ ಎಲೆಕ್ಟ್ರೋಡಿನಲ್ಲಿ (ದ್ರಾವಣದ ಆಮ್ಲಜನಕ ಅಳೆಯುವ ಸಾಧನ) ಅಷ್ಟೇ 0.2 ಮಿಲಿಮೋಲಾರ್ ಎನ್‌ಎಡಿಎಚ್ ಮುಗಿಯಲು ಬಿಟ್ಟು, ಕೊನೆಗೆ ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿ ನೋಡಿ. ಪೆರಾಕ್ಸೈಡ್ ಇದ್ದರೆ ಖರ್ಚಾದ ಆಮ್ಲಜನಕದಲ್ಲಿ ಅರ್ಧ ವಾಪಸು ಬರುತ್ತದೆ, ನೀರಾಗಿದ್ದರೆ ಗೆರೆ ಅಲುಗುವುದಿಲ್ಲ. ಒಂದು ಎಚ್ಚರ: ಪ್ರೋಟೀನ್ ಕೆಡದಿರಲೆಂದು ಸೋಡಿಯಂ ಅಝೈಡ್ ಸೇರಿಸಿದ್ದರೆ ಅದು ಕ್ಯಾಟಲೇಸನ್ನೇ ಕಟ್ಟಿಹಾಕುತ್ತದೆ; ಪೆರಾಕ್ಸೈಡ್ ಇದ್ದರೂ ಇಲ್ಲವೆನ್ನಿಸುತ್ತದೆ. ಎನ್‌ಎಡಿಎಚ್ ದ್ರಾವಣವನ್ನು ಆಯಾ ದಿನವೇ, ಪಿಎಚ್ 8ರ ಹತ್ತಿರ, ಐಸಿನ ಮೇಲೆ ಇಟ್ಟುಕೊಳ್ಳಿ. ಆಮ್ಲದಲ್ಲಿ ಅದು ಕಿಣ್ವವಿಲ್ಲದೆಯೂ ಹಾಳಾಗುತ್ತದೆ.

‘ಕ್ಷಪಣ’ ಎಂದರೆ ಕನ್ನಡದ ಕಿವಿಗೆ ಕ್ಷಿಪಣಿಯೇ ಕೇಳುತ್ತದೆ, ಹಳಗನ್ನಡ ಓದಿದವರಿಗೆ ಕ್ಷಪಣಕ (ಸನ್ಯಾಸಿ). ನಮ್ಮ ಪಠ್ಯಗಳ ‘ಅಪಕರ್ಷಣ’ ಇದೆಯಲ್ಲ. ಹಿಂದಿ ಪುಸ್ತಕದಿಂದ ‘ಅಪಚಯನ’ ನುಸುಳದಂತೆ ಮಾತ್ರ ನೋಡಿಕೊಳ್ಳಿ: ಅಲ್ಲಿ ಅದು ರಿಡಕ್ಷನ್, ನಮ್ಮಲ್ಲಿ ‘ಅಪಚಯ’ ಎಂದರೆ ದೊಡ್ಡ ಅಣುಗಳು ಒಡೆಯುವ ಕ್ರಿಯೆ. ಚಯಾಪಚಯದ ಟಿಪ್ಪಣಿಯಲ್ಲೇ ಇವೆರಡು ಕಲಸಿದರೆ ದೇವರೇ ಗತಿ.

ಮತ್ತೊಂದು ಉತ್ತರ (ಗೋವಾದಿಂದ):

ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ, ‘ನಾಕ್ಸ್’ (ಎನ್‌ಎಡಿಎಚ್ ಆಕ್ಸಿಡೇಸಿನ ಚುಟುಕು ಹೆಸರು) ವಿಷಯದಲ್ಲಿ ಒಂದು ಸೇರ್ಪಡೆ. ಬರೀ ‘ನಾಕ್ಸ್’ ಎಂದು ಚುಟುಕಾಗಿಸಬೇಡಿ. ಮನುಷ್ಯರಲ್ಲಿ ನಾಕ್ಸ್ 1ರಿಂದ 5ರವರೆಗಿನದು ಎನ್‌ಎಡಿಪಿಎಚ್ (ಎನ್‌ಎಡಿಎಚ್‌ನ ಸೋದರ ಅಣು) ಆಕ್ಸಿಡೇಸುಗಳ ಕುಟುಂಬ. ಅವುಗಳ ಕೆಲಸವೇ ಸೂಪರಾಕ್ಸೈಡ್, ಪೆರಾಕ್ಸೈಡ್ ಮಾಡುವುದು. ಎಲ್‌ಬಿನಾಕ್ಸ್ ಅದಕ್ಕೆ ತದ್ವಿರುದ್ಧ. 2020ರಲ್ಲಿ ಬ್ಯಾಕ್ಟೀರಿಯಾದ ಕುಲನಾಮ ಲೆವಿಲ್ಯಾಕ್ಟೊಬ್ಯಾಸಿಲಸ್ ಎಂದಾಯಿತು, ಕಿಣ್ವದ ಸಂಕ್ಷಿಪ್ತ ಹೆಸರು ಬದಲಾಗಲಿಲ್ಲ. ಹಳೆಯದು ಹೊಸದು ಎರಡನ್ನೂ ಒಮ್ಮೆ ಕೊಟ್ಟರೆ ಹುಡುಕುವವರಿಗೆ ಅನುಕೂಲ.

ಟಿಪ್ಪಣಿಯಲ್ಲಿ ‘ಉಸಿರಾಟ ಹೆಚ್ಚಾಯಿತು’ ಎಂದು ಬರೆಯುವ ಮುನ್ನವೂ ಯೋಚಿಸಿ. 2016ರಲ್ಲಿ ಈ ಕಿಣ್ವವನ್ನು ಮಾನವ ಜೀವಕೋಶಗಳಲ್ಲಿ ಬಳಸಿದ ವರದಿ ಬಂತು: ಎಲೆಕ್ಟ್ರಾನು ಸಾಗಣೆ ಸರಪಳಿ (ಕೋಶದ ಉಸಿರಾಟದಲ್ಲಿ ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ಮುಟ್ಟಿಸುವ ಪ್ರೋಟೀನುಗಳ ಸಾಲು) ಕಟ್ಟಿಹೋದಾಗ ಕುಸಿಯುವ ಎನ್‌ಎಡಿ–ಎನ್‌ಎಡಿಎಚ್ ಅನುಪಾತವನ್ನು ಮೇಲೆತ್ತುವುದು ಅದರ ಉದ್ದೇಶ. ಕಿಣ್ವ ತಾನೇ ಆಮ್ಲಜನಕ ಬಳಸುವುದರಿಂದ ಮೀಟರಿನಲ್ಲಿ ಬಳಕೆ ಏರುತ್ತದೆ, ಆದರೆ ಸರಪಳಿಯಲ್ಲಿ ಆಗುವಂತೆ ಪ್ರೋಟಾನು ಪಂಪಾಗದ್ದರಿಂದ ಎಟಿಪಿ (ಕೋಶದ ಶಕ್ತಿಯ ಅಣು) ಹುಟ್ಟುವುದಿಲ್ಲ. ಸರಪಳಿಯನ್ನು ತಡೆಯುವ ಆಂಟಿಮೈಸಿನ್ ಹಾಕಿದ ಮೇಲೂ ನಿಲ್ಲದ ಬಳಕೆಯಲ್ಲಿ ಕಿಣ್ವದ ಪಾಲೆಷ್ಟು ಎಂದು ತಿಳಿಯಲು, ಹಾಗೆಯೇ ಆಂಟಿಮೈಸಿನ್ ಹಾಕಿದ, ಕಿಣ್ವವಿಲ್ಲದ ಕೋಶಗಳ ಓದನ್ನು ಅದರಿಂದ ಕಳೆಯಬೇಕು. ಅದಕ್ಕೆ ‘ಆಮ್ಲಜನಕ ಬಳಕೆ’ ಎನ್ನಿ. ‘ಉಸಿರಾಟ’ವನ್ನು ಸರಪಳಿಗೇ ಬಿಡಿ.