ವಸಂತದ ಕೆಲಸಗಳನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ

ಚಳಿ ಹಿಂದೆಗೆಯುತ್ತಿದ್ದಂತೆ ನಮ್ಮ ಪುಟ್ಟ ಹಿಡುವಳಿಯಲ್ಲಿ ಎಲ್ಲ ಕೆಲಸಗಳೂ ಒಟ್ಟಿಗೇ ಮೇಲೆ ಬೀಳುತ್ತವೆ. ಎರಡು ಮೇಕೆಗಳು ಈಯುವ ದಿನ ಹತ್ತಿರವಾಗಿದೆ, ಕೋಳಿಮರಿಗಳನ್ನು ತರಬೇಕಾಗಿದೆ, ತರಕಾರಿ ಮಡಿಗಳನ್ನು ಅಗೆಯಬೇಕಾಗಿದೆ, ಬೇಲಿಯೂ ಸಡಿಲಗೊಂಡಿದೆ. ಮನೆಯಲ್ಲಿ ನಾವು ದಂಪತಿ, ವಯಸ್ಸಾದ ಅತ್ತೆ ಮತ್ತು 11 ಹಾಗೂ 4 ವರ್ಷದ ಮಕ್ಕಳಿದ್ದೇವೆ. ಮಕ್ಕಳು ಈ ಕೆಲಸಗಳನ್ನು ಪ್ರೀತಿಯಿಂದ ಕಲಿಯಬೇಕೆಂಬುದು ನನ್ನ ಆಸೆ, ಆದರೆ ದಿನವಿಡೀ ಅವರನ್ನು ಗದರಿಸುತ್ತ ಓಡಾಡುವುದು ನನಗೆ ಬೇಡ. ಎಲ್ಲಿಂದ ಆರಂಭಿಸಲಿ?

ಮೊದಲ ಉತ್ತರ

ಯಾರು ಯಾವುದನ್ನು ಮಾಡಬೇಕೆಂದು ಹಂಚುವ ಮೊದಲು, ಯಾವ ಕೆಲಸ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂದು ಬೇರ್ಪಡಿಸಿಕೊಳ್ಳಿ. ಮೇಕೆಯ ಗಬ್ಬದ ಅವಧಿ ಸುಮಾರು 150 ದಿನ. ಕೂಡಿದ ದಿನವನ್ನು ಬರೆದಿಟ್ಟಿದ್ದರೆ ಈಯುವ ವಾರ ಮೊದಲೇ ತಿಳಿಯುತ್ತದೆ, ಆ ವಾರ ದೊಡ್ಡವರೊಬ್ಬರು ಬೇರಾವ ಹೊಣೆಯನ್ನೂ ಹೊರಬಾರದು. ಮರಿಗೆ ರೋಗನಿರೋಧಕ ಶಕ್ತಿ ಗರ್ಭದಲ್ಲಿ ಸಿಗುವುದಿಲ್ಲ, ಗಿಣ್ಣುಹಾಲಿನಿಂದಲೇ ಸಿಗಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಸಾಮರ್ಥ್ಯ ಗಂಟೆಗಂಟೆಗೂ ಕುಗ್ಗುತ್ತ ಒಂದು ದಿನದೊಳಗೆ ಬಹುತೇಕ ಮುಗಿದುಹೋಗುತ್ತದೆ. ಆದ್ದರಿಂದ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿಯೇ ಮರಿ ಕುಡಿಯಿತೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು.

ಮಡಿಯ ಮಾತು ಬೇರೆ. ಒದ್ದೆ ಮಣ್ಣನ್ನು ಅಗೆದರೆ ಅದು ಅದುಮಿಕೊಂಡು, ಒಣಗಿದಾಗ ಗಟ್ಟಿ ಹೆಂಟೆಯಾಗಿ, ಬೇರಿಗೆ ದಾರಿ ಕೊಡುವುದಿಲ್ಲ. ಒಂದು ಹಿಡಿ ಮಣ್ಣನ್ನು ಹಿಸುಕಿ ಉಂಡೆ ಮಾಡಿ, ಬೆರಳಿನಿಂದ ತಟ್ಟಿ ನೋಡಿ: ಉದುರಿದರೆ ಹದ ಬಂದಿದೆ, ಅಂಟಿಕೊಂಡೇ ಇದ್ದರೆ ಇನ್ನೂ ಕಾಯುವುದೇ ಸರಿ. ಕೋಳಿಮರಿಗಳನ್ನು ಮೇಕೆಗಳು ಈದ ಮೇಲೆ ತನ್ನಿ. ಎರಡನ್ನೂ ಒಂದೇ ವಾರಕ್ಕೆ ತಂದುಕೊಳ್ಳುವ ಅಗತ್ಯವಿಲ್ಲ.

ಎರಡನೆಯ ಉತ್ತರ

ಮಕ್ಕಳ ವಿಷಯದಲ್ಲಿ ನನ್ನ ದೃಢವಾದ ಅಭಿಪ್ರಾಯವೆಂದರೆ, ದೊಡ್ಡವರ ಕೆಲಸದ ಚೂರುಗಳನ್ನು ಕೊಡುವ ಬದಲು ಒಂದು ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಬೇಕು. 11 ವರ್ಷದ ಮಗುವಿಗೆ ಕೋಳಿಮರಿಗಳನ್ನು ಒಪ್ಪಿಸಿ. ಮೊದಲ ವಾರ ಗೂಡಿನ ಶಾಖ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಆದರೆ ಉಷ್ಣಮಾಪಕಕ್ಕಿಂತ ಮರಿಗಳನ್ನು ನೋಡುವುದನ್ನು ಕಲಿಸಿ: ಗೂಡಿಗೆ ಶಾಖ ಕೊಡುವ ದೀಪದ ಕೆಳಗೆ ಒತ್ತೊತ್ತಾಗಿ ನಿಂತರೆ ಚಳಿ, ಬಾಯ್ದೆರೆದು ಅಂಚಿಗೆ ಸರಿದರೆ ಸೆಕೆ, ಎಲ್ಲೆಡೆ ಹರಡಿಕೊಂಡು ಮೇಯುತ್ತಿದ್ದರೆ ಹಿತ. ಇದನ್ನು ಗಮನಿಸಿ ತಾನೇ ತೀರ್ಮಾನಿಸಲು ಬಿಟ್ಟಾಗ ಮಗುವಿಗೆ ಕೆಲಸ ತನ್ನದೆನಿಸುತ್ತದೆ. ದೀಪವನ್ನು ಕಟ್ಟಿ ಭದ್ರಪಡಿಸುವುದು ಮಾತ್ರ ನಿಮ್ಮ ಕೆಲಸ, ಏಕೆಂದರೆ ಅದು ಒಣ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ.

4 ವರ್ಷದ ಮಗು ಕೋಳಿಮರಿಗಳನ್ನು ಮುಟ್ಟದಿರುವುದು ಒಳ್ಳೆಯದು. ಆರೋಗ್ಯವಾಗಿ ಕಾಣುವ ಮರಿಗಳಲ್ಲಿಯೂ ಸಾಲ್ಮೊನೆಲ್ಲಾ ಎಂಬ, ಭೇದಿ ಜ್ವರ ತರುವ ರೋಗಾಣು ಇರಬಹುದು, ಐದು ವರ್ಷದೊಳಗಿನವರಿಗೆ ಅದರ ಬಾಧೆ ಹೆಚ್ಚು. ಉಳಿದವರೂ ಪ್ರತಿ ಬಾರಿ ಸೋಪಿನಿಂದ ಕೈ ತೊಳೆಯಬೇಕು. ಚಿಕ್ಕದಕ್ಕೆ ಬಟಾಣಿ, ಕುಂಬಳದಂತಹ ದಪ್ಪ ಬೀಜಗಳನ್ನು ಕೊಟ್ಟು ಒಂದು ಸಾಲು ಬಿತ್ತಲು ಹೇಳಿ. ಸಾಲು ಸೊಟ್ಟಗಾದರೆ ಆಗಲಿ.

ನಿಮ್ಮ ಅತ್ತೆಯವರಿಗೆ ಇಷ್ಟವಿದ್ದರೆ ಸಸಿಗಳನ್ನು ಅವರಿಗೆ ಬಿಡಿ. ನೆಡುವ ಮೊದಲು 7ರಿಂದ 10 ದಿನ ಅವುಗಳನ್ನು ದಿನದಿನಕ್ಕೂ ಹೆಚ್ಚು ಹೊತ್ತು ಬಿಸಿಲು, ಗಾಳಿಗೆ ಒಡ್ಡಿ ಪಳಗಿಸುವಾಗ, ಮನೆಯಲ್ಲಿದ್ದು ಆಗಾಗ ನೋಡುವವರ ಕಣ್ಣು ಬೇಕಾಗುತ್ತದೆ.

ಮೂರನೆಯ ಉತ್ತರ

ಬೇಲಿಯ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಅದೂ ಕಾಯುವ ಕೆಲಸವಲ್ಲ: ದೊಡ್ಡ ಮೇಕೆ ನುಸುಳಲಾಗದ ಕಿಂಡಿಯಲ್ಲಿ ಮರಿ ಸಲೀಸಾಗಿ ದಾಟುತ್ತದೆ. ಮಡಿಗಳು ಹದಕ್ಕೆ ಬರುವವರೆಗಿನ ಬಿಡುವಿನಲ್ಲಿಯೇ ಅದನ್ನು ಮುಗಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬೇಲಿಯನ್ನು ಈ ವಾರವೇ ಕೈಗೆತ್ತಿಕೊಳ್ಳುತ್ತೇವೆ. ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಕೂಡಿದ ಹಸಿ ಗೊಬ್ಬರವನ್ನು ಈಗಲೇ ಮಡಿಗೆ ಹಾಕಬಹುದೇ?

ಮೊದಲ ಉತ್ತರ ಬರೆದವರು

ಈಗ ಬೇಡ. ಮಣ್ಣಿಗೆ ತಾಗಿ ಬೆಳೆಯುವ ಸೊಪ್ಪು, ಗೆಡ್ಡೆಗಳಾದರೆ ಹಸಿ ಗೊಬ್ಬರ ಹಾಕುವುದಕ್ಕೂ ಕೊಯ್ಲಿಗೂ ನಡುವೆ ಕನಿಷ್ಠ 120 ದಿನಗಳ ಅಂತರವಿರಲಿ. ಅದನ್ನು ಒಣ ಎಲೆಗಳೊಂದಿಗೆ ರಾಶಿ ಹಾಕಿ, ತೇವ ಆರದಂತೆ ನೋಡಿಕೊಂಡು, ಒಳಗಿನ ಶಾಖ 55 ಡಿಗ್ರಿ ದಾಟಿದ ಮೇಲೆ ಮಗುಚುತ್ತಿದ್ದರೆ ಮುಂದಿನ ಬೆಳೆಯ ಹೊತ್ತಿಗೆ ಒಳ್ಳೆಯ ಗೊಬ್ಬರ ಸಿದ್ಧವಾಗಿರುತ್ತದೆ.